ಹ್ಯಾಂಡಲ್ ನಡುಗುತ್ತಿದೆಯಾ? ಸ್ಟೀರಿಂಗ್ ಡ್ಯಾಂಪರ್ ಕೊಳ್ಳುವ ಮೊದಲು ಇಷ್ಟು ನೋಡಿ

ಮಳೆಗಾಲ ಮುಗಿದು ರಸ್ತೆಯ ಹೊಂಡಗಳೆಲ್ಲ ಬಾಯಿ ಬಿಟ್ಟುಕೊಂಡು ಕಾಣಿಸುವ ಹೊತ್ತಿಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಬೈಕ್ ಸವಾರರು ಕೇಳುವ ಪ್ರಶ್ನೆ ಒಂದಿದೆ. "ಹ್ಯಾಂಡಲ್ ನಡುಗುತ್ತೆ, ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದ್ರೆ ಸರಿಹೋಗುತ್ತಾ?"

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆ, ಪೇಟೆ, ತೋಟ ಅಂತ ಓಡಾಡುವ 100ರಿಂದ 350 ಸಿಸಿವರೆಗಿನ ಬೈಕಿಗೆ ಡ್ಯಾಂಪರ್ ಬೇಕಿಲ್ಲ. ಅಂಥ ಬೈಕಿನ ಹ್ಯಾಂಡಲ್ ನಡುಗುತ್ತಿದೆ ಅಂದರೆ ಎಲ್ಲೋ ಏನೋ ಸಡಿಲ ಆಗಿದೆ, ಸವೆದಿದೆ, ಇಲ್ಲವೇ ಬಾಗಿದೆ. ಡ್ಯಾಂಪರ್ ಹಾಕಿದರೆ ನಡುಕ ಕಮ್ಮಿ ಆಗಬಹುದು. ಆದರೆ ಸವೆಯುತ್ತಿರುವುದು ಸವೆಯುತ್ತಲೇ ಹೋಗುತ್ತೆ, ಅದು ನಿಮ್ಮ ಕೈಗೆ ಗೊತ್ತಾಗುತ್ತಿದ್ದದ್ದೂ ನಿಂತುಹೋಗುತ್ತೆ. ಡ್ಯಾಂಪರ್ ನಿಜವಾಗಿ ಬೇಕಾದ ಬೈಕುಗಳೂ ಇವೆ. ಅದನ್ನು ಕೊನೆಗೆ ನೋಡೋಣ.

ಡ್ಯಾಂಪರ್ ಮಾಡುವ ಕೆಲಸ ಸಣ್ಣದು. ಒಂದು ತುದಿ ಫ್ರೇಮಿಗೆ, ಇನ್ನೊಂದು ತುದಿ ಫೋರ್ಕಿಗೆ (ಮುಂದಿನ ಚಕ್ರ ಹಿಡಿದಿರುವ ಜೋಡಿ ಪೈಪು) ಅಥವಾ ಹ್ಯಾಂಡಲಿಗೆ. ಒಳಗೆ ಆಯಿಲ್, ಆ ಆಯಿಲ್ ಹಾದುಹೋಗಲು ಸಣ್ಣ ತೂತು. ಸಿರಿಂಜಿನಲ್ಲಿ ನೀರು ತುಂಬಿ ನಿಧಾನ ಒತ್ತಿದರೆ ಸಲೀಸು, ಜೋರಾಗಿ ಒತ್ತಿದರೆ ಹೆಬ್ಬೆರಳು ನೋಯುತ್ತೆ ಅಲ್ವಾ, ಹಾಗೆ. ನೀವು ನಿಧಾನವಾಗಿ ಹ್ಯಾಂಡಲ್ ತಿರುಗಿಸಿದರೆ ಬಿಡುತ್ತೆ, ಹೊಂಡ ಹೊಡೆದು ಚಕ್ರ ಸರಕ್ಕನೆ ತಿರುಗಲು ನೋಡಿದರೆ ತಡೆಯುತ್ತೆ. ಅಷ್ಟೇ. ಗಾಳಿ ಕಮ್ಮಿ ಇರುವ ಟೈರನ್ನೋ ಸವೆದ ಬೇರಿಂಗನ್ನೋ ಅದು ಸರಿ ಮಾಡಲ್ಲ.

ಮೊದಲು, ಯಾವ ನಡುಕ ಅಂತ ತಿಳಿಯಿರಿ

"ವಾಬಲ್ ಆಗುತ್ತೆ" ಅಂತ ಮೆಕ್ಯಾನಿಕ್ ಹತ್ತಿರ ಹೇಳಿದರೆ ಅವರು ಏನಂತ ಹುಡುಕಬೇಕು? ಈ ವಿಷಯಗಳನ್ನು ಗಮನಿಸಿ ಹೇಳಿ. ಎಷ್ಟು ಸ್ಪೀಡಲ್ಲಿ ಶುರು ಆಗುತ್ತೆ? ಆಕ್ಸಿಲರೇಟರ್ ಕೊಟ್ಟಾಗಲಾ, ಬಿಟ್ಟಾಗಲಾ, ಬ್ರೇಕ್ ಹಿಡಿದಾಗಲಾ? ಒಬ್ಬರೇ ಇದ್ದಾಗಲೂ ಬರುತ್ತಾ, ಹಿಂದೆ ಲೋಡ್ ಇದ್ದಾಗ ಮಾತ್ರವಾ? ಎಲ್ಲಕ್ಕಿಂತ ಮುಖ್ಯ, ಹ್ಯಾಂಡಲ್ ಮಾತ್ರ ಬೇಗ ಬೇಗ ಅಲ್ಲಾಡುತ್ತಾ ಅಥವಾ ಇಡೀ ಬೈಕು ನಿಧಾನವಾಗಿ ಹಾವಿನ ಹಾಗೆ ಓಲಾಡುತ್ತಾ? ಮೊದಲನೆಯದು ಸಾಮಾನ್ಯವಾಗಿ ಮುಂದಿನ ಭಾಗದ ದೋಷ, ಎರಡನೆಯದು ಹಿಂದಿನ ಭಾಗದ್ದು. ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಎಚ್ಚರಿಕೆ. "ಎರಡೂ ಕೈ ಬಿಟ್ಟು ನೋಡು, ಗೊತ್ತಾಗುತ್ತೆ" ಅಂತ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಬೇಡ. ಬೇರಿಂಗ್ ಹೋಗಿರುವ ಬೈಕಲ್ಲಿ ಕೈ ಬಿಟ್ಟರೆ ಆ ಸಣ್ಣ ನಡುಕ ಎರಡು ಸೆಕೆಂಡಲ್ಲಿ ನಿಮ್ಮ ಹಿಡಿತ ಮೀರಬಹುದು. ಎರಡೂ ಕೈ ಹ್ಯಾಂಡಲ್ ಮೇಲೇ ಇರಲಿ, ಬೆರಳಿನ ಬಿಗಿ ಮಾತ್ರ ಸ್ವಲ್ಪ ಸಡಿಲಿಸಿ. ಹೆಲ್ಮೆಟ್ ಹಾಕಿ, ಖಾಲಿ ಮತ್ತು ಸೀದಾ ರಸ್ತೆಯಲ್ಲಿ, ಹಗಲಲ್ಲಿ ನೋಡಿ. ತುಂಗೆಯ ಪಕ್ಕದಲ್ಲೇ ಸಾಗುವ ಮಂಡಗದ್ದೆ ರಸ್ತೆಯಲ್ಲೋ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳ ನಡುವೆಯೋ ಇಂಥ ಪರೀಕ್ಷೆ ಮಾಡಬಾರದು.

"60–70ರಲ್ಲಿ ಹೋಗಿ ಆಕ್ಸಿಲರೇಟರ್ ಬಿಟ್ಟರೆ ಹ್ಯಾಂಡಲ್ ಸಣ್ಣಗೆ ಅಲ್ಲಾಡುತ್ತೆ"

ಇದು ಎಲ್ಲಕ್ಕಿಂತ ಸಾಮಾನ್ಯ. ಆಯನೂರು, ಕುಂಸಿ ದಾಟಿ ಸೀದಾ ರಸ್ತೆ ಸಿಕ್ಕಾಗ ಗೊತ್ತಾಗುತ್ತೆ. ಸ್ಪೀಡ್ 50–40ಕ್ಕೆ ಇಳಿಯುವಾಗ ಜಾಸ್ತಿ ಆಗಿ, ಆಮೇಲೆ ತಾನೇ ನಿಲ್ಲುತ್ತೆ. ಬಿಗಿಯಾಗಿ ಹಿಡಿದರೆ ಗೊತ್ತೇ ಆಗಲ್ಲ, ಅದಕ್ಕೇ ಎಷ್ಟೋ ಜನ ವರ್ಷಗಟ್ಟಲೆ ಹಾಗೇ ಓಡಿಸುತ್ತಾರೆ.

ಮೊದಲು ಗಾಳಿ. ದುಡ್ಡು ಖರ್ಚಿಲ್ಲ. ಬೆಳಿಗ್ಗೆ ಬೈಕ್ ಹೊರಗೆ ತೆಗೆಯುವ ಮೊದಲೇ, ಟೈರ್ ತಣ್ಣಗಿದ್ದಾಗ ನೋಡಬೇಕು. ಹತ್ತು ಕಿಲೋಮೀಟರ್ ಓಡಿಸಿ ಬಂಕಿಗೆ ಹೋದರೆ ಬಿಸಿಗೆ ಪ್ರೆಶರ್ ಏರಿರುತ್ತೆ, ಲೆಕ್ಕ ತಪ್ಪುತ್ತೆ. ಎಷ್ಟಿರಬೇಕು ಅನ್ನುವುದು ಬೈಕಿನ ಸ್ಟಿಕರ್ ಮೇಲೆ ಅಥವಾ ಮಾಲೀಕರ ಕೈಪಿಡಿಯಲ್ಲಿ ಇರುತ್ತೆ. ಚಿಕ್ಕ ಕಮ್ಯೂಟರ್ ಬೈಕುಗಳಿಗೆ ಮುಂದೆ ಸಾಮಾನ್ಯವಾಗಿ 25 ಪಿಎಸ್ಐ ಆಸುಪಾಸು, ಹಿಂದೆ ಅದಕ್ಕಿಂತ ಜಾಸ್ತಿ, ಇಬ್ಬರು ಕೂತರೆ ಇನ್ನೂ ಜಾಸ್ತಿ. ಸ್ವಂತದ್ದೊಂದು ಗೇಜ್ ಇಟ್ಟುಕೊಳ್ಳಿ. ಡ್ಯಾಂಪರಿಗೆ ಸಾವಿರಗಟ್ಟಲೆ ಸುರಿಯುವ ಮೊದಲು ಆ ಕೆಲವು ನೂರು ರೂಪಾಯಿ ಖರ್ಚು ಮಾಡುವುದು ಜಾಣತನ.

ಗಾಳಿ ಸರಿ ಇದೆ, ಆದರೂ ನಡುಕ ಇದೆ. ಈಗ ಮುಂದಿನ ಟೈರಿನ ಮೇಲೆ ಅಂಗೈ ಸವರಿ. ಟೈರ್ ತಿರುಗುವ ದಿಕ್ಕಿಗೆ ಒಮ್ಮೆ, ಅದರ ಎದುರು ದಿಕ್ಕಿಗೆ ಒಮ್ಮೆ. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಗರಗಸದ ಹಲ್ಲು ತಾಗಿದ ಹಾಗೆ ಅನಿಸಿದರೆ ಟೈರಿನ ಗುಂಡಿಗಳು, ಅಂದರೆ ನೆಲ ಹಿಡಿಯುವ ರಬ್ಬರ್ ಉಬ್ಬುಗಳು, ಎತ್ತರ ತಗ್ಗಾಗಿ ಸವೆದಿವೆ ಅಂತ ಅರ್ಥ. ಟೈರ್ ಅಂಗಡಿಯವರು ಇದಕ್ಕೆ ಕಪ್ಪಿಂಗ್ ಅನ್ನುತ್ತಾರೆ. ನೋಡಲು ಟೈರಲ್ಲಿ ಇನ್ನೂ ಗುಂಡಿ ಇದೆ ಅನಿಸುತ್ತೆ, ಆದರೆ ನಡುಕ ಬರುವುದು ಅಲ್ಲಿಂದಲೇ. ಗಾಳಿ ಕಮ್ಮಿ ಇಟ್ಟು ಓಡಿಸಿದ್ದು, ಫೋರ್ಕ್ ಆಯಿಲ್ ಸತ್ತಿದ್ದು, ಎರಡೂ ಇದಕ್ಕೆ ಕಾರಣ ಆಗಬಹುದು. ಟೈರ್ ಹೊಸದು ಹಾಕಿ ಕಾರಣ ಬಿಟ್ಟರೆ ಹೊಸದೂ ಹಾಗೇ ಆಗುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದಾಗಿ, ಪಕ್ಕದಲ್ಲಿ ಸಣ್ಣ ಬಿರುಕೂ ಬಿಟ್ಟಿದ್ದರೆ ಗುಂಡಿ ಎಷ್ಟಿದ್ದರೂ ಬದಲಿಸಿ.

ಪಂಕ್ಚರ್ ಹಾಕಿಸಿದ ಮೇಲೆ ನಡುಕ ಶುರುವಾಯಿತಾ? ಹಾಗಾದರೆ ರಿಮ್ ಹತ್ತಿರ ಟೈರಿನ ಸುತ್ತ ಒಂದು ಸಣ್ಣ ಗೆರೆ ಇರುತ್ತೆ, ಅದು ಎಲ್ಲ ಕಡೆ ರಿಮ್ಮಿನಿಂದ ಒಂದೇ ದೂರದಲ್ಲಿದೆಯಾ ನೋಡಿ. ಒಂದು ಕಡೆ ಮುಳುಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ. ವಾಪಸ್ ಅದೇ ಅಂಗಡಿಗೆ ಹೋಗಿ ಕೂರಿಸಿಕೊಳ್ಳಿ. ಹಾಗೇ ಪಕ್ಕದ ಬಾಣದ ಗುರುತು ಮುಂದಕ್ಕೆ ಇದೆಯಾ ಅಂತಲೂ ಒಂದು ಕಣ್ಣು ಹಾಯಿಸಿ.

ಆಮೇಲೆ ರಿಮ್. ಇದಕ್ಕೆ ನನಗೆ ಇಷ್ಟವಾದ ಸಾಧನ ತೆಂಗಿನ ಕಡ್ಡಿ. ಪೊರಕೆಯಿಂದ ಒಂದು ಕಡ್ಡಿ ಎಳೆದು, ರಬ್ಬರ್ ಬ್ಯಾಂಡಲ್ಲಿ ಫೋರ್ಕಿನ ಕೆಳಭಾಗಕ್ಕೆ ಕಟ್ಟಿ, ತುದಿ ರಿಮ್ಮಿಗೆ ತಾಗಿಯೂ ತಾಗದ ಹಾಗೆ ಇಡಿ. ಡಬಲ್ ಸ್ಟ್ಯಾಂಡ್ ಹಾಕಿ, ಯಾರಾದರೂ ಹಿಂದೆ ಕ್ಯಾರಿಯರ್ ಒತ್ತಿ ಹಿಡಿದರೆ ಮುಂದಿನ ಚಕ್ರ ಮೇಲೇಳುತ್ತೆ. ಈಗ ನಿಧಾನ ತಿರುಗಿಸಿ. ರಿಮ್ ಬಾಗಿದ್ದರೆ ಕಡ್ಡಿಗೂ ರಿಮ್ಮಿಗೂ ನಡುವಿನ ಸಂದು ಒಮ್ಮೆ ಅಗಲ ಆಗುತ್ತೆ, ಒಮ್ಮೆ ಕಡ್ಡಿಯೇ ಉಜ್ಜುತ್ತೆ. ಬೈಕ್ ಕಂಪನಿಗಳು ಸಾಮಾನ್ಯವಾಗಿ 2 ಮಿಲಿಮೀಟರ್‌ವರೆಗೆ ಒಪ್ಪುತ್ತವೆ, ಅದಕ್ಕಿಂತ ಜಾಸ್ತಿ ಆದರೆ ಕೆಲಸ ಇದೆ. ಸ್ಪೋಕ್ ಇರುವ ಚಕ್ರವಾದರೆ ಸಣ್ಣ ಸ್ಪ್ಯಾನರಲ್ಲಿ ಒಂದೊಂದೇ ಸ್ಪೋಕ್ ತಟ್ಟಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತೆ, ಸಡಿಲ ಆದದ್ದು ಬರೀ ಟಪ್. ಸಡಿಲ ಇದ್ದರೆ ನೀವೇ ಟೈಟ್ ಮಾಡಲು ಹೋಗಬೇಡಿ, ಒಂದನ್ನು ಎಳೆದರೆ ಇನ್ನೊಂದು ಕಡೆ ಬಾಗುತ್ತೆ. ಅದು ರಿಮ್ ಬೆಂಡ್ ತೆಗೆಯುವವರ ಕೆಲಸ. ಅಲಾಯ್ ವೀಲಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬೈಕ್ ಅಲ್ಲೇ ನಿಲ್ಲಿಸಿ. ವೆಲ್ಡಿಂಗ್ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ.

ಚಕ್ರ ಮೇಲಿದ್ದಾಗಲೇ ಮೇಲೆ ಕೆಳಗೆ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಚಕ್ರ ಅಕ್ಸಲ್ ಮೇಲೆಯೇ ಕಳಚಿದ ಹಾಗೆ ಆಡಿದರೆ ವೀಲ್ ಬೇರಿಂಗ್ ಹೋಗಿದೆ. ಇದನ್ನು ಮುಂದೂಡಬಾರದು.

"ಮುಂದಿನ ಬ್ರೇಕ್ ಹಿಡಿದರೆ, ಹಂಪ್ ಹತ್ತಿಸಿದರೆ 'ಟಕ್' ಅನ್ನುತ್ತೆ"

ಇದು ಕೋನ್ ಸೆಟ್. ಹ್ಯಾಂಡಲ್ ತಿರುಗುವ ಜಾಗದಲ್ಲಿ, ಫ್ರೇಮಿನ ಕೊಳವೆಯ ಮೇಲೊಂದು ಕೆಳಗೊಂದು ಇರುವ ಬೇರಿಂಗ್. ಮಲೆನಾಡಿನ ಬೈಕುಗಳಲ್ಲಿ ಹ್ಯಾಂಡಲ್ ನಡುಕಕ್ಕೆ ನಾನು ಮೊದಲು ಅನುಮಾನ ಪಡುವುದು ಇದರ ಮೇಲೆ. ಕಾರಣ ಸುಲಭ. ಹೊಂಡದ ಏಟು ನೇರ ಇಲ್ಲಿಗೇ ಬರುತ್ತೆ, ಜೂನಿಂದ ಸೆಪ್ಟೆಂಬರ್‌ವರೆಗೆ ನೀರು ಮತ್ತು ಕೆಂಪು ಮಣ್ಣಿನ ರಾಡಿ ಮುಂದಿನ ಚಕ್ರದಿಂದ ಚಿಮ್ಮಿ ಕೆಳಗಿನ ಬೇರಿಂಗಿಗೆ ಸೇರುತ್ತೆ, ಅದು ಸಾಲದು ಅಂತ ನಾವೇ ವಾಟರ್ ಸರ್ವಿಸ್ ಮಾಡಿಸುವಾಗ ಜೋರು ನೀರಿನ ಪೈಪನ್ನು ಅಲ್ಲಿಗೇ ಹಿಡಿಸಿ ಗ್ರೀಸ್ ಎಲ್ಲ ತೊಳೆಸುತ್ತೇವೆ. ವಾಟರ್ ಸರ್ವಿಸ್ ಹುಡುಗರಿಗೆ "ಹ್ಯಾಂಡಲ್ ಬುಡಕ್ಕೆ, ಚಕ್ರದ ಮಧ್ಯಕ್ಕೆ ಪೈಪ್ ಹಿಡೀಬೇಡ್ರಪ್ಪ" ಅಂತ ಒಂದು ಮಾತು ಹೇಳಿದರೆ ಬೇರಿಂಗ್ ಎಷ್ಟೋ ಕಾಲ ಜಾಸ್ತಿ ಬರುತ್ತೆ.

ಪರೀಕ್ಷೆ ಹೀಗೆ. ಬೈಕ್ ನೆಲದ ಮೇಲೇ ಇರಲಿ. ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು ಬೈಕನ್ನು ಹಿಂದಕ್ಕೆ ಮುಂದಕ್ಕೆ ದೂಡಿ. ಇನ್ನೊಬ್ಬರು ಫ್ರೇಮಿನ ಕೊಳವೆ ಮತ್ತು ಫೋರ್ಕ್ ಸೇರುವ ಸಂದಿನ ಮೇಲೆ ಬೆರಳಿಟ್ಟಿರಲಿ. ಬೆರಳಿಗೆ 'ಟಕ್' ಅಂತ ಆಟ (ಸಡಿಲದ ಅಲ್ಲಾಟ) ಗೊತ್ತಾದರೆ ಕೋನ್ ಸೆಟ್ ಸಡಿಲ. ಸದ್ದು ಬಂದರೂ ಬೆರಳಿಗೆ ಏನೂ ಗೊತ್ತಾಗಲಿಲ್ಲ ಅಂದರೆ ಅದು ಬ್ರೇಕ್ ಪ್ಯಾಡಿನ ಆಟವೋ ಫೋರ್ಕ್ ಬುಷ್ಷಿನದ್ದೋ ಇರಬಹುದು.

ಎರಡನೇ ಪರೀಕ್ಷೆ ಇನ್ನೂ ಚೆನ್ನಾಗಿ ಹೇಳುತ್ತೆ. ಮುಂದಿನ ಚಕ್ರ ಮೇಲೆತ್ತಿ, ಒಂದೇ ಬೆರಳಲ್ಲಿ ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬಹಳ ನಿಧಾನವಾಗಿ ತನ್ನಿ. ಸರಿಯಾದ ಕೋನ್ ಸೆಟ್ ಆದರೆ ಮಧ್ಯ ದಾಟಿದ ಮೇಲೆ ತನ್ನ ಭಾರಕ್ಕೆ ತಾನೇ ಒಂದು ಕಡೆ ಬೀಳುತ್ತೆ. ಹೋದ ಕೋನ್ ಸೆಟ್ ಆದರೆ ಸರಿಯಾಗಿ ನಡುಮಧ್ಯದಲ್ಲಿ ಗಕ್ಕನೆ ಕೂರುತ್ತೆ, ಸಣ್ಣ ಗುಂಡಿಗೆ ಬಿದ್ದ ಹಾಗೆ. ಬಿಚ್ಚಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತೆ. ಬಾಲುಗಳು ಕೂರುವ ಬಟ್ಟಲಿನಲ್ಲಿ ಒಂದೊಂದು ಬಾಲಿನ ಗುರುತೂ ಸಾಲಾಗಿ ಒತ್ತಿಕೊಂಡಿರುತ್ತೆ, ನಡುವೆ ತುಕ್ಕಿನ ಕೆಂಪು ಗೆರೆ. ಬೈಕು ಬಹುಪಾಲು ಸೀದಾ ಹೋಗುವಾಗಲೇ ಏಟು ತಿನ್ನುವುದರಿಂದ ಗುರುತು ಮಧ್ಯದಲ್ಲೇ ಆಗುತ್ತೆ. ಇದನ್ನು ಟೈಟ್ ಮಾಡಿದರೆ ಪ್ರಯೋಜನ ಇಲ್ಲ, ಬದಲಿಸಲೇಬೇಕು.

ಸುಮ್ನೆ ಸಡಿಲ ಆಗಿದ್ದರೆ ಮಾತ್ರ ಟೈಟ್ ಮಾಡಿದರೆ ಸಾಕು. ಚಿಕ್ಕ ಬೈಕಿನ ಕೋನ್ ಸೆಟ್ ಕೆಲವು ನೂರು ರೂಪಾಯಿಗೆ ಸಿಗುತ್ತೆ, ಕೂಲಿ ಬೇರೆ. ಹಳೇ ಬಟ್ಟಲು ಹೊಡೆದು ತೆಗೆದು ಹೊಸದನ್ನು ಸೀದಾ ಕೂರಿಸುವುದು ಕೈ ಪಳಗಿದವರು ಮಾಡಬೇಕಾದ ಕೆಲಸ. ಸ್ವಲ್ಪ ಓರೆಯಾಗಿ ಕೂತರೂ ಎಲ್ಲ ಹಾಳು. ಮೆಕ್ಯಾನಿಕ್ ಹತ್ತಿರ ಎರಡು ಮಾತು ಹೇಳಿ. ಬರೀ ಬಾಲ್ ಅಲ್ಲ, ಮೇಲಿನ ಕೆಳಗಿನ ಬಟ್ಟಲುಗಳನ್ನೂ ಬದಲಿಸಬೇಕು. ನೀರಿಗೆ ಕರಗದ ಗ್ರೀಸ್ ಧಾರಾಳವಾಗಿ ಹಾಕಬೇಕು. ಹೊಸದು ಹಾಕಿ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಅದು ಕೂತು ಮತ್ತೆ ಸ್ವಲ್ಪ ಸಡಿಲ ಆಗುತ್ತೆ, ಆಗ ಒಮ್ಮೆ ಟೈಟ್ ನೋಡಿಸಿ.

ದುಡ್ಡು ಹಾಕುವ ಮನಸ್ಸೇ ಇದ್ದರೆ ಇಲ್ಲಿ ಹಾಕಿ. ಕೆಲವು ಮಾಡೆಲ್‌ಗಳಿಗೆ ಬಾಲ್ ಬದಲು ಟೇಪರ್ ರೋಲರ್ ಬೇರಿಂಗ್ ಸಿಗುತ್ತೆ. ಬಾಲು ಒಂದು ಚುಕ್ಕಿಯಲ್ಲಿ ಭಾರ ಹೊರುತ್ತೆ, ರೋಲರ್ ಉದ್ದಕ್ಕೂ ಹೊರುತ್ತೆ, ಹಾಗಾಗಿ ನಮ್ಮ ಹೊಂಡದ ಏಟಿಗೆ ಬೇಗ ಗುರುತು ಬೀಳಲ್ಲ. ನನ್ನ ಪ್ರಕಾರ ನಮ್ಮ ಕಡೆಯ ಸಾಧಾರಣ ಬೈಕಿಗೆ ಡ್ಯಾಂಪರಿಗಿಂತ ಇದು ನೂರು ಪಾಲು ಒಳ್ಳೆಯ ಅಪ್‌ಗ್ರೇಡ್.

ಕೋನ್ ಸೆಟ್ ಪಕ್ಕದಲ್ಲೇ ಇರುವುದು ಫೋರ್ಕ್. ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿ ಬಿಡಿ. ಒಮ್ಮೆ ಮೇಲೆ ಬಂದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಆಯಿಲ್ ಹಳತಾಗಿದೆ ಅಥವಾ ಸೋರಿಹೋಗಿದೆ. ಪೈಪಿನ ಮೇಲೆ ಎಣ್ಣೆಯ ಪಸೆಗೆ ಮಣ್ಣು ಅಂಟಿ ಬಳೆಯ ಹಾಗೆ ಕೂತಿದ್ದರೆ ಆಯಿಲ್ ಸೀಲ್ ಹೋಗಿದೆ ಅಂತಲೇ. ಆ ಎಣ್ಣೆ ಡಿಸ್ಕಿಗೆ ಇಳಿದಿದ್ದರೆ ಬೈಕ್ ಓಡಿಸಬೇಡಿ, ಬ್ರೇಕ್ ಹಿಡಿಯಲ್ಲ.

"ನಿಧಾನ ಹೋಗುವಾಗ ಸೀದಾ ಹೋಗಲ್ಲ, ಆ ಕಡೆ ಈ ಕಡೆ ಬೀಳುತ್ತೆ"

ಹೆಚ್ಚಾಗಿ ಕೋನ್ ಸೆಟ್ ಅತಿಯಾಗಿ ಟೈಟ್ ಆಗಿದೆ. 'ಟಕ್' ಸದ್ದು ಹೋಗಲಿ ಅಂತ ಯಾರೋ ಜೋರಾಗಿ ತಿರುಗಿಸಿರುತ್ತಾರೆ. ಬೈಕು ಸಮತೋಲನಕ್ಕೆ ಹ್ಯಾಂಡಲನ್ನು ಸದಾ ಕೂದಲೆಳೆಯಷ್ಟು ಆ ಕಡೆ ಈ ಕಡೆ ಮಾಡಿಕೊಳ್ಳುತ್ತಲೇ ಇರುತ್ತೆ. ಅದಕ್ಕೆ ಬಿಡದಿದ್ದರೆ ನೀವೇ ಕೈಯಲ್ಲಿ ಮಾಡಬೇಕಾಗುತ್ತೆ, ಅದು ಯಾವಾಗಲೂ ತಡ. ಶಿವಮೊಗ್ಗದ ಗೋಪಿ ಸರ್ಕಲ್ ಟ್ರಾಫಿಕ್ಕಲ್ಲಿ ಕಾಲು ಊರುತ್ತಾ ಹೋಗಬೇಕಾದ ಸ್ಥಿತಿ. ಚಕ್ರ ಮೇಲೆತ್ತಿದಾಗ ಹ್ಯಾಂಡಲ್ ತಾನಾಗಿ ಬೀಳದೆ ಇಟ್ಟಲ್ಲೇ ನಿಂತರೆ ಇದೇ ದೋಷ. ಕೇಬಲ್, ವೈರ್ ಎಲ್ಲಾದರೂ ಎಳೆದು ಹಿಡಿದಿದೆಯಾ ಅಂತಲೂ ನೋಡಿ.

ಡ್ಯಾಂಪರ್ ಈಗಾಗಲೇ ಹಾಕಿಸಿಕೊಂಡವರಲ್ಲಿ ಈ ಲಕ್ಷಣ ಬಂದರೆ ಅದನ್ನು ಜಾಸ್ತಿ ಗಟ್ಟಿ ಇಟ್ಟಿದ್ದೀರಿ.

"ಹಿಂದೆ ಲೋಡ್ ಇದ್ದಾಗ ಇಡೀ ಬೈಕು ಓಲಾಡುತ್ತೆ"

ಸೊಸೈಟಿಯಿಂದ 50 ಕೆಜಿ ಹಿಂಡಿ ಮೂಟೆ ಕ್ಯಾರಿಯರಿಗೆ ಕಟ್ಟಿ, ಹಿಂದೆ ಒಬ್ಬರನ್ನು ಕೂರಿಸಿ, ಹ್ಯಾಂಡಲಿಗೆ ಎರಡು ಚೀಲ ನೇತುಹಾಕಿ, ಆಮೇಲೆ "ಬೈಕ್ ಯಾಕೋ ಹಗುರ ಅನ್ಸುತ್ತೆ ಮಾರಾಯ" ಅಂದರೆ ಬೈಕಿನ ತಪ್ಪಾ? ಸಾಮಾನ್ಯ ಕಮ್ಯೂಟರ್ ಬೈಕಿಗೆ ಸವಾರರೂ ಸೇರಿ ಕಂಪನಿ ಒಪ್ಪುವ ಭಾರ 130 ಕೆಜಿ ಆಸುಪಾಸು. ಅದೂ ಹಿಂದಿನ ಅಕ್ಸಲ್‌ಗಿಂತ ಹಿಂದಕ್ಕೆ, ಎತ್ತರಕ್ಕೆ ಕಟ್ಟಿದರೆ ಮುಂದಿನ ಚಕ್ರದ ಭಾರ ಇಳಿಯುತ್ತೆ, ಹಿಡಿತ ಕಮ್ಮಿ ಆಗುತ್ತೆ. ಟೂರಿಂಗ್ ಹೋಗುವವರ ಟಾಪ್ ಬಾಕ್ಸೂ ಹಾಗೆಯೇ. ಭಾರದ ಸಾಮಾನು ಸೀಟಿನ ಹತ್ತಿರ, ಕೆಳಗೆ, ಎರಡೂ ಕಡೆ ಸಮವಾಗಿ ಇರಬೇಕು. ಲೋಡ್ ಇಳಿಸಿ ಅದೇ ರಸ್ತೆಯಲ್ಲಿ ಓಡಿಸಿ. ಓಲಾಟ ಹೋಯಿತಾ? ಉತ್ತರ ಸಿಕ್ಕಿತು.

ಖಾಲಿ ಬೈಕೂ ಓಲಾಡಿದರೆ ಹಿಂದಿನ ಟೈರ್ ಗಾಳಿ ಮೊದಲು ನೋಡಿ. ಹಿಂದೆ ನಿಧಾನ ಪಂಕ್ಚರ್ ಆದರೂ ಇದೇ ಲಕ್ಷಣ, ತಿರುವಲ್ಲಿ ಹಿಂಭಾಗ ಜಾರಿದ ಹಾಗೆ. ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಹಿಡಿದು ಪಕ್ಕಕ್ಕೆ ದೂಡಿ. ಚಕ್ರದ ಜೊತೆ ಸ್ವಿಂಗ್ ಆರ್ಮೂ (ಹಿಂದಿನ ಚಕ್ರವನ್ನು ಫ್ರೇಮಿಗೆ ಸೇರಿಸುವ ತೋಳು) ಅಲ್ಲಾಡಿದರೆ ಸ್ವಿಂಗ್ ಆರ್ಮ್ ಬುಷ್ ಸವೆದಿದೆ, ಚಕ್ರ ಮಾತ್ರ ಅಲ್ಲಾಡಿದರೆ ಬೇರಿಂಗ್. ಹಿಂದಿನ ಶಾಕ್ ಅಬ್ಸಾರ್ಬರ್‌ಗಳಲ್ಲಿ ಒಂದು ಸೋರಿ ಒಂದು ಗಟ್ಟಿ ಇದ್ದರೂ ಓಲಾಟ ಬರುತ್ತೆ. ಬದಲಿಸುವುದಾದರೆ ಜೋಡಿಯಾಗಿ ಬದಲಿಸಿ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಇಡೀ ಬೈಕು ನಿಧಾನವಾಗಿ ಓಲಾಡುವ ಈ ದೋಷಕ್ಕೆ ಸ್ಟೀರಿಂಗ್ ಡ್ಯಾಂಪರ್ ಮದ್ದಲ್ಲ. ಹ್ಯಾಂಡಲಿನ ವೇಗದ ನಡುಕವನ್ನು ಅದು ತಡೆಯುತ್ತೆ ನಿಜ, ಆದರೆ ಜೋರು ಸ್ಪೀಡಿನ ಓಲಾಟವನ್ನು ಗಟ್ಟಿ ಇಟ್ಟ ಡ್ಯಾಂಪರ್ ಜಾಸ್ತಿಯೂ ಮಾಡಬಹುದು.

"ಬೈಕು ಒಂದೇ ಕಡೆ ಎಳೆಯುತ್ತೆ"

ಚೈನ್ ಟೈಟ್ ಮಾಡಿಸಿದ ಮೇಲೆ ಶುರುವಾಗಿದ್ದರೆ ಸ್ವಿಂಗ್ ಆರ್ಮಿನ ಎರಡೂ ಕಡೆಯ ಗೆರೆ ಗುರುತು ಎಣಿಸಿ, ಒಂದೇ ಇರಬೇಕು. ಬಿದ್ದ ಮೇಲೆ ಶುರುವಾಗಿದ್ದರೆ ಫೋರ್ಕ್ ತಿರುಚಿರಬಹುದು ಅಥವಾ ಬಾಗಿರಬಹುದು. ಚಕ್ರ ಸೀದಾ ಇದ್ದು ಹ್ಯಾಂಡಲ್ ಓರೆ ಕಂಡರೆ ಅದು ಗುರುತು. ತಿರುಚಿದ್ದು ಮಾತ್ರ ಆದರೆ ಕ್ಲಾಂಪ್ ಬೋಲ್ಟ್ ಸಡಿಲಿಸಿ ಸರಿ ಮಾಡಬಹುದು. ಬಾಗಿದ್ದರೆ ಪೈಪ್ ಬದಲಿಸಬೇಕು. ಫ್ರೇಮ್ ಬಾಗಿರುವ ಅನುಮಾನ ಬಂದರೆ ಮನೆಯಲ್ಲಿ ಹುಡುಕುವುದು ಅಲ್ಲಿಗೆ ಸಾಕು, ಅಳತೆ ಮಾಡುವ ಸಲಕರಣೆ ಇರುವ ಕಡೆ ಒಯ್ಯಿರಿ.

"ನಡುಗುತ್ತೆ, ಆದರೆ ಅಂಗೈ ಜುಮ್ಮೆನ್ನುವ ನಡುಕ"

ಆ ಸ್ಪೀಡಲ್ಲಿ ಕ್ಲಚ್ ಹಿಡಿದು ನೋಡಿ. ನಡುಕ ನಿಂತರೆ ಎಂಜಿನ್ನಿನದ್ದು. ಎಂಜಿನ್ ಮೌಂಟಿಂಗ್ ಬೋಲ್ಟ್, ಹ್ಯಾಂಡಲ್ ಕ್ಲಾಂಪ್ ಟೈಟ್ ನೋಡಿಸಿ. ನಿಲ್ಲದಿದ್ದರೆ ಚಕ್ರದ್ದು, ಮೇಲೆ ಹೇಳಿದ ದಾರಿ ಹಿಡಿಯಿರಿ.

"ಗಾಳಿಗೆ ಬೈಕು ಪಕ್ಕಕ್ಕೆ ಸರಿಯುತ್ತೆ"

ಇದು ದೋಷ ಅಲ್ಲ. 2025ರ ಜುಲೈ 14ರಂದು ಉದ್ಘಾಟನೆಯಾದ ಸಿಗಂದೂರು ಸೇತುವೆ ಸುಮಾರು 2.4 ಕಿಲೋಮೀಟರ್ ಉದ್ದ, ಎರಡೂ ಕಡೆ ಶರಾವತಿ ಹಿನ್ನೀರು, ಗಾಳಿಗೆ ಅಡ್ಡ ಇಲ್ಲ. ಇಂಥ ಕಡೆ ಹಗುರ ಬೈಕು ಸರಿದೇ ಸರಿಯುತ್ತೆ. ಸ್ಪೀಡ್ ಇಳಿಸಿ, ಕೈ ಸಡಿಲ ಇಡಿ, ಮಂಡಿಯಿಂದ ಟ್ಯಾಂಕ್ ಹಿಡಿಯಿರಿ. ಹ್ಯಾಂಡಲಿಗೆ ಕಟ್ಟಿದ ದೊಡ್ಡ ವಿಂಡ್‌ಶೀಲ್ಡ್ ಇದ್ದರೆ ಗಾಳಿ ಅದನ್ನೇ ಹಿಡಿದು ಹ್ಯಾಂಡಲ್ ಅಲ್ಲಾಡಿಸುತ್ತೆ. ಒಂದು ದಿನ ಬಿಚ್ಚಿಟ್ಟು ಓಡಿಸಿ ನೋಡಿ.

"ಒಮ್ಮೆಲೇ ಹ್ಯಾಂಡಲ್ ಎರಡೂ ಕಡೆ ಪಟಪಟ ಬಡಿಯಿತು"

ಇದು ಅಪಾಯದ್ದು. ಸವಾರರು ಟ್ಯಾಂಕ್ ಸ್ಲ್ಯಾಪರ್ ಅನ್ನುತ್ತಾರೆ. ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಮುಂದಿನ ಚಕ್ರ ಹಗುರ ಆಗಿರುತ್ತೆ, ಅದೇ ಹೊತ್ತಿಗೆ ಹೊಂಡವೋ ಉಬ್ಬೋ ಸಿಕ್ಕಿ ಚಕ್ರ ಓರೆಯಾಗಿ ನೆಲ ಮುಟ್ಟುತ್ತೆ. ಸೀದಾ ಆಗಲು ಹೋಗಿ ಆ ಕಡೆ ದಾಟುತ್ತೆ, ಮತ್ತೆ ಈ ಕಡೆ. ಸೆಕೆಂಡಿಗೆ ಹಲವು ಸಲ.

ಆಗ ಮಾಡಬೇಕಾದ್ದು ಕಷ್ಟ, ಯಾಕೆಂದರೆ ಮೈ ಬೇರೆಯದನ್ನೇ ಮಾಡಲು ಹೇಳುತ್ತೆ. ಹ್ಯಾಂಡಲ್ ಜೊತೆ ಕುಸ್ತಿ ಬೇಡ. ಮುಂದಿನ ಬ್ರೇಕ್ ಗಕ್ಕನೆ ಹಿಡಿಯಬೇಡಿ. ಮಂಡಿಯಿಂದ ಟ್ಯಾಂಕ್ ಬಿಗಿ ಹಿಡಿದು, ಮೈ ಮುಂದಕ್ಕೆ ತಗ್ಗಿಸಿ, ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ನಿಂತ ಮೇಲೆ, ಮತ್ತೆ ಹೊರಡುವ ಮೊದಲು, ಮುಂದಿನ ಬ್ರೇಕ್ ಲಿವರ್ ಒತ್ತಿ. ಜೋರು ಬಡಿತಕ್ಕೆ ಡಿಸ್ಕ್ ಅಲ್ಲಾಡಿ ಪ್ಯಾಡ್‌ಗಳು ಹಿಂದಕ್ಕೆ ಸರಿದಿರಬಹುದು, ಮೊದಲ ಒತ್ತಿಗೆ ಲಿವರ್ ಸೀದಾ ಗ್ರಿಪ್‌ವರೆಗೆ ಬರುತ್ತೆ. ಎರಡು ಮೂರು ಸಲ ಒತ್ತಿದರೆ ಗಟ್ಟಿ ಆಗುತ್ತೆ. ಇದು ಗೊತ್ತಿಲ್ಲದೆ ಮುಂದಿನ ತಿರುವಿಗೆ ಹೋದರೆ ಕಥೆ ಮುಗಿಯಿತು.

ಒಮ್ಮೆ ಹೀಗೆ ಆದ ಬೈಕನ್ನು ಮೇಲಿನ ಎಲ್ಲ ಪರೀಕ್ಷೆ ಮುಗಿಯುವ ತನಕ ಹೆದ್ದಾರಿಗೆ ಇಳಿಸಬೇಡಿ, ಹಿಂದೆ ಯಾರನ್ನೂ ಕೂರಿಸಬೇಡಿ.

ಹಾಗಾದರೆ ಡ್ಯಾಂಪರ್ ಯಾರಿಗೆ?

ಎಲ್ಲ ಸರಿ ಇದೆ, ಟೈರ್ ಹೊಸದು, ಕೋನ್ ಸೆಟ್ ಹೊಸದು, ಆದರೂ ಜೋರು ಎಳೆತದಲ್ಲಿ ಉಬ್ಬು ಸಿಕ್ಕರೆ ಹ್ಯಾಂಡಲ್ ಬಡಿಯುತ್ತೆ ಅನ್ನುವ ಶಕ್ತಿಶಾಲಿ ಬೈಕುಗಳಿಗೆ. ಬೇಗ ತಿರುಗಲಿ ಅಂತ ಫೋರ್ಕನ್ನು ಕಡಿದಾಗಿ ಇಟ್ಟ ಬೈಕುಗಳ ಸ್ವಭಾವ ಅದು. ಸುಜುಕಿ ಹಯಬುಸಾ, ಕೆಟಿಎಂ 790 ಡ್ಯೂಕ್‌ನಂಥವಕ್ಕೆ ಕಂಪನಿಯೇ ಹಾಕಿ ಕೊಡುತ್ತೆ. ಹೋಂಡಾ 2004ರ ಸಿಬಿಆರ್1000ಆರ್‌ಆರ್‌ಗೆ ಸ್ಪೀಡಿಗೆ ತಕ್ಕಂತೆ ಗಟ್ಟಿಯಾಗುವ ಎಲೆಕ್ಟ್ರಾನಿಕ್ ಡ್ಯಾಂಪರನ್ನೇ ಕೊಟ್ಟಿತ್ತು. ನಿಂತುಕೊಂಡು ಕಲ್ಲು, ಮರಳು, ಜೀಪಿನ ಗಾಲಿ ಕೊರೆದ ದಾರಿಯಲ್ಲಿ ಓಡಿಸುವ ಆಫ್ ರೋಡ್ ಸವಾರರಿಗೂ ಉಪಯೋಗ ಇದೆ. ಕಲ್ಲು ಬಡಿದು ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುವುದು ಕಮ್ಮಿ ಆಗುತ್ತೆ, ಮುಂಗೈ ಬೇಗ ಸೋಲಲ್ಲ. ಸೈಡ್ ಕಾರ್ ಇರುವ ಬೈಕಿಗೂ ಬೇಕು. ಹಳೇ ಬುಲೆಟ್ಟಲ್ಲಿ ಹ್ಯಾಂಡಲ್ ನಡುವೆ ಇದ್ದ ಕಪ್ಪು ತಿರುಪು ನೆನಪಿದೆಯಾ? ಅದೂ ಡ್ಯಾಂಪರೇ. ಆದರೆ ಆಯಿಲ್ ಇಲ್ಲ, ಬರೀ ಉಜ್ಜಿ ಹಿಡಿಯುವುದು, ಹಾಗಾಗಿ ನಿಧಾನ ತಿರುಗಿಸಿದರೂ ಅಷ್ಟೇ ಬಿಗಿ.

ಹಾಕಿಸುವುದೇ ಆದರೆ ನಿಮ್ಮ ಮಾಡೆಲಿಗೇ ಮಾಡಿದ ಬ್ರಾಕೆಟ್ ಇರುವುದನ್ನು ತನ್ನಿ. "ಎಲ್ಲ ಬೈಕಿಗೂ ಆಗುತ್ತೆ" ಅಂತ ಅಗ್ಗಕ್ಕೆ ಸಿಗುವವು ಬೇಡ. ಅವು ಫೋರ್ಕ್ ಪೈಪನ್ನು ಕಚ್ಚಿ ಗುರುತು ಮಾಡುತ್ತವೆ, ಇನ್ನೂ ಕೆಟ್ಟದ್ದೆಂದರೆ ಉದ್ದ ಸಾಲದೆ ಹ್ಯಾಂಡಲ್ ಪೂರ್ತಿ ತಿರುಗಲು ಬಿಡಲ್ಲ. ಹುಲಿಕಲ್ ಘಾಟಿಯ ತಿರುವಲ್ಲಿ ಎದುರಿಗೆ ಬಸ್ ಬಂದು, ನೀವು ನಿಧಾನ ಮಾಡಿ ಪೂರ್ತಿ ತಿರುಗಿಸಲು ಹೋದಾಗ ಹ್ಯಾಂಡಲ್ ಮುಕ್ಕಾಲಿಗೇ ನಿಂತರೆ ಚರಂಡಿಗೇ ಹೋಗುವುದು. ಹಾಕಿದ ಮೇಲೆ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಫ್ರೇಮಿನ ತಡೆಗೇ ತಾಗಿ ನಿಲ್ಲಬೇಕು, ಡ್ಯಾಂಪರ್ ತುದಿಗೆ ತಾಗಿ ಅಲ್ಲ. ಬ್ರೇಕ್ ಹೋಸ್, ಕೇಬಲ್ ಯಾವುದೂ ನಡುವೆ ಸಿಕ್ಕಬಾರದು. ಸೆಟ್ಟಿಂಗನ್ನು ಪೂರ್ತಿ ಮೆತ್ತಗಿಂದ ಶುರು ಮಾಡಿ ಒಂದೊಂದೇ ಕ್ಲಿಕ್ ಏರಿಸಿ. ಪೇಟೆಯಲ್ಲಿ ನಿಧಾನ ಹೋಗುವಾಗ ಬೈಕು ಓಲಾಡಲು ಶುರುವಾದರೆ ಒಂದೆರಡು ಕ್ಲಿಕ್ ವಾಪಸ್ ಇಳಿಸಿ.

ಮಳೆಗಾಲ ಕಳೆದ ಮೇಲೆ ಡ್ಯಾಂಪರನ್ನೂ ಒಮ್ಮೆ ನೋಡಬೇಕು. ಒಂದು ತುದಿ ಬಿಚ್ಚಿ ಕೈಯಲ್ಲೇ ಎಳೆದು ದೂಡಿ. ಉದ್ದಕ್ಕೂ ಒಂದೇ ಬಿಗಿ ಇರಬೇಕು. ನಡುವೆ ಎಲ್ಲಾದರೂ ಕೈ ಸುಮ್ನೆ ಜಾರಿದರೆ ಒಳಗೆ ಗಾಳಿ ಸೇರಿದೆ. ರಾಡ್ ಮೇಲೆ ತುಕ್ಕಿನ ಚುಕ್ಕಿ ಇದ್ದರೆ ಅದು ಸೀಲ್ ಕೊರೆದು ಆಯಿಲ್ ಸೋರುತ್ತೆ. ರಿಪೇರಿ ಆಗುವಂಥದ್ದಾದರೆ ಸೀಲ್, ಆಯಿಲ್ ಬದಲಿಸಿ ಮತ್ತೆ ಹಾಕಿ. ಇಲ್ಲವಾದರೆ ಬ್ರಾಕೆಟ್ ಸಮೇತ ಬಿಚ್ಚಿಡಿ. ಕಂಪನಿಯಿಂದಲೇ ಡ್ಯಾಂಪರ್ ಬಂದ ಬೈಕಾದರೆ ಮಾತ್ರ ಬಿಚ್ಚಿ ಓಡಿಸಬೇಡಿ, ಹೊಸದು ಬರುವ ತನಕ ಬೈಕು ಮನೆಯಲ್ಲೇ ಇರಲಿ.